ಚಿಕ್ಕನರಸಯ್ಯ ಕಾಯಂ ಆದದ್ದು

ಚಿಕ್ಕನರಸಯ್ಯನ ಮನೆಯಲ್ಲಿ ಗಂಡಾಳು ಅಂತ ಇದ್ದದ್ದು ಒಂದೇ, ಅದು ಚಿಕ್ಕನರಸಯ್ಯ. ಆವತ್ತಿನ ಫಜೀತಿಗೆಲ್ಲ ಅದೇ ಮೂಲ.

ಬೆಳಗ್ಗೆ ಅವನು ಹಿತ್ತಲಲ್ಲಿ ಕೂತು, ಅಂಗೈಯಗಲದ ಕನ್ನಡಿಯಲ್ಲಿ ಮೀಸೆ ತಿದ್ದಿಕೊಳ್ಳುತ್ತಿದ್ದ. ಕಾಯಂ ಆಗುವವನ ಮೀಸೆ ಎರಡೂ ಕಡೆ ಸಮವಾಗಿರಬೇಕು ಎಂದು ಅವನಿಗೆ ಯಾರು ಹೇಳಿದ್ದರೋ, ಎಡಗಡೆ ಒಂದಿಷ್ಟು ಬಲಗಡೆ ಒಂದಿಷ್ಟು ಕತ್ತರಿಸುತ್ತಾ ಹೋಗಿ ಈಗ ಮೂಗಿನ ಕೆಳಗೆ ಹೇಳಿಕೊಳ್ಳುವಂಥದ್ದೇನೂ ಉಳಿದಿರಲಿಲ್ಲ. ಅಷ್ಟರಲ್ಲಿ ಬೀದಿಯಲ್ಲಿ ತಮಟೆ ಕೇಳಿಸಿತು.

"ಕೇಳ್ರಪ್ಪೋ!" ಎಂದು ತಳವಾರ ಕೂಗಿದ. "ಹೊತ್ತು ಮಾರುದ್ದ ಏರೋ ಹೊತ್ಗೆ ಗೇಟಿಗೆ ಮೆರವಣಿಗೆ ಐತೆ. ಮನೆಗೊಂದಾಳು ಬರ್ಬೇಕು. ಹೊರಡೋವಾಗೊಂದು ಹಾಜ್ರಿ, ಗೇಟ್ ತಾವ ಒಂದು ಹಾಜ್ರಿ. ಬರ್ದಿದ್ದ ಮನೆಗೆ ಬೆಂಕಿ ಇಲ್ಲ, ನೀರಿಲ್ಲ!"

ಚಿಕ್ಕನರಸಯ್ಯನ ಕೈಯಿಂದ ಕತ್ತರಿ ಜಾರಿ ಬಿತ್ತು. ಯಾಕೆಂದರೆ ಮೆರವಣಿಗೆ ಹೊರಟಿದ್ದ ಗೇಟು ಅವನದೇ.

ಅದು ಅರವತ್ತನಾಲ್ಕನೇ ಇಸವಿ. ಎಲ್ಲ ಕಡೆ ಕಾಳಿಗೆ ಪರದಾಟ. ಮೈಸೂರಿನ ಕಾಳು ಆಂಧ್ರಕ್ಕೆ ಹೋಗಬಾರದು, ಆಂಧ್ರದ್ದು ಇಲ್ಲಿಗೆ ಬರಬಾರದು ಎಂದು ಎರಡೂ ಸರ್ಕಾರಗಳು ಹುಕುಂ ಮಾಡಿ, ಗಡಿಯ ದಾರಿಗಳಿಗೆಲ್ಲ ಬೊಂಬು ಅಡ್ಡ ಕಟ್ಟಿಸಿದ್ದವು. ಅವನ ಊರು ತಿರುಮಣಿಯಿಂದ ಒಂದೂವರೆ ಮೈಲಿ ನಡೆದರೆ ಮೈಸೂರಿನ ಬೊಂಬು. ಅದರ ಕಾವಲಿಗೆ ದಿನಗೂಲಿಯ ಚಿಕ್ಕನರಸಯ್ಯ. ಅಲ್ಲಿಂದ ಇಪ್ಪತ್ತು ಮಾರು ಆಚೆಗೆ ಆಂಧ್ರದ ಬೊಂಬು. ಅದರ ಕಾವಲಿಗೆ ದಿನಗೂಲಿಯ ಓಬುಲೇಸು. ನಡುವಿನ ಇಪ್ಪತ್ತು ಮಾರು ಯಾವ ಸರ್ಕಾರದ್ದೆಂದು ಯಾರಿಗೂ ಗೊತ್ತಿಲ್ಲದ ಕಾರಣ, ಅಲ್ಲಿದ್ದ ಹುಣಸೆಮರದ ನೆರಳಲ್ಲಿ ಇಬ್ಬರೂ ಕೂತು ಚೌಕಾಬಾರ ಆಡುತ್ತಿದ್ದರು. ಒಬ್ಬ ಊಟಕ್ಕೆ ಹೋದರೆ ಇನ್ನೊಬ್ಬ ಎರಡು ಬೊಂಬೂ ನೋಡಿಕೊಳ್ಳುವುದು ಅವರೊಳಗಿನ ಒಪ್ಪಂದ. ಇದು ಎರಡು ಸರ್ಕಾರಗಳಿಗೂ ತಿಳಿಯದು.

ಎರಡು ವರ್ಷದ ದಿನಗೂಲಿಯ ಮೇಲೆ, ಇವತ್ತು ಚಿಕ್ಕನರಸಯ್ಯನನ್ನು ಕಾಯಂ ಮಾಡಲು ಕಚೇರಿಯಿಂದ ಶಿರಸ್ತೇದಾರರು ಬರುವವರಿದ್ದರು. ಕೊರಟಗೆರೆ ಕಡೆಯವರು, ಹೊಸದಾಗಿ ವರ್ಗವಾಗಿ ಬಂದವರು. ಆಳನ್ನು ಕಣ್ಣಾರೆ ನೋಡದೆ ರುಜು ಹಾಕುವವರಲ್ಲ. ಇತ್ತ ಹೆಂಡತಿ ಕೆಂಚಮ್ಮನ ಅಣ್ಣ ನಿಡುಗಲ್ಲಿನಿಂದ ಕಡೆಯ ಮಾತು ಹೇಳಿ ಕಳಿಸಿದ್ದ: "ಈ ತಿಂಗ್ಳು ಕಾಯಂ ಆಗ್ದಿದ್ರೆ ಬೊಂಬು ಬಿಟ್ಟು ಬಂದು ನಮ್ ಕುರಿ ಕಾಯಿ." ಭಾವಮೈದನ ಕುರಿ ಕಾಯುವುದಕ್ಕಿಂತ ಕುರಿಯಾಗಿ ಹುಟ್ಟುವುದೇ ಮೇಲು ಎಂದು ಚಿಕ್ಕನರಸಯ್ಯ ನಂಬಿದ್ದ.

ಹೀಗಿರುವಾಗ ಊರಿಗೆ ಬಂದವರು ಶಂಕರಲಿಂಗಪ್ಪ ಮೇಷ್ಟ್ರು. ನಿವೃತ್ತ ಹೆಡ್‌ಮೇಷ್ಟ್ರು, ಮೊಣಕಾಲಿನವರೆಗೆ ಖಾದಿ, ಅದರ ಕೆಳಗೆ ಬರೀ ಧೂಳು. ನೆರೆಹೊರೆಯ ದೇಶಗಳ ನಡುವೆ ಗಡಿ ಇರಬಾರದು, ಪಾಸ್‌ಪೋರ್ಟೂ ಬೇಡ ಪೊಲೀಸೂ ಬೇಡ, ಜನ ನೆಂಟರ ಮನೆಗೆ ಹೋದಂತೆ ಹೋಗಿ ಬರಬೇಕು ಎಂದು ಸಾರುತ್ತಾ ತುಮಕೂರಿನಿಂದ ಲಾಹೋರಿಗೆ ಕಾಲ್ನಡಿಗೆಯಲ್ಲಿ ಹೊರಟಿದ್ದರು. ಹೊರಡುವಾಗ ಜೊತೆಗಿದ್ದ ಹನ್ನೆರಡು ಮಂದಿ ಕೊರಟಗೆರೆಯಲ್ಲಿ ಏಳಾಗಿ, ಮಧುಗಿರಿಯಲ್ಲಿ ಮೂರಾಗಿ, ಪಾವಗಡ ದಾಟುವಷ್ಟರಲ್ಲಿ ಮಕ್ಬೂಲ್ ಒಬ್ಬನೇ ಉಳಿದಿದ್ದ. ಅವನು ಶಿರಾದಲ್ಲಿ ಬಳೆ ಅಂಗಡಿ ಇಟ್ಟವನು.

ಹಿಂದಿನ ಸಂಜೆ ಮೇಷ್ಟ್ರು ಊರ ಕಟ್ಟೆಯ ಮೇಲೆ ನಿಂತು ಲಾಹೋರು, ಢಾಕಾ, ಸಿಲೋನು ಎಂದೆಲ್ಲ ಹೇಳುವವರೆಗೂ ತಿರುಮಣಿಯವರು ಆಕಳಿಸುತ್ತಾ ಕೂತಿದ್ದರು. "ಗಡಿಯ ಕಂಬಗಳನ್ನು ಎತ್ತಿ!" ಎಂದ ಕೂಡಲೇ ಎಲ್ಲರಿಗೂ ಎಚ್ಚರವಾಯಿತು. ಅರ್ಧ ಊರಿನ ಬೀಗರು ಬೊಂಬಿನ ಆಚೆಗಿದ್ದರು. ಮದುವೆಗೆ ಒಂದು ಸೇರು ಅಕ್ಕಿ ಒಯ್ಯುವ ಹಾಗಿಲ್ಲ, ಬಾಣಂತಿಗೆ ಒಂದು ಬಳ್ಳ ರಾಗಿ ಕಳಿಸುವ ಹಾಗಿಲ್ಲ. ಸಭೆಗೆ ಸಭೆಯೇ ತಿರುಗಿ ಚಿಕ್ಕನರಸಯ್ಯನನ್ನು ನೋಡಿತು. ಅವನು ಆಗಲೇ ಎದ್ದು ಮನೆಗೆ ಓಡಿದ್ದ.

ಈಗಲೂ ಅವನು ಅರೆಬರೆ ಮೀಸೆಯಲ್ಲೇ ಪಟೇಲ ದೊಡ್ಡರಂಗಯ್ಯನ ಮನೆಗೆ ಓಡಿದ.

"ಗೌಡ್ರೇ, ನಾನು ಗೇಟಿನೋನು. ನನ್ ಗೇಟಿನ ಮ್ಯಾಲೆ ನಾನೇ ಮೆರವಣಿಗೆ ಬರಾದು ಎಂಗೆ? ಅದೂ ಇವತ್ತು ಸಾಯೇಬ್ರು ಬತ್ತಾರೆ!"

ಪಟೇಲ ಎಲೆಗೆ ಸುಣ್ಣ ಹಚ್ಚುತ್ತಲೇ ಹೇಳಿದ: "ಗೇಟು ಸರ್ಕಾರದ್ದು ಕಣ್ಲಾ. ನೀನು ಊರೋನು."

"ನಮ್ ಮನೇಲಿ ನಾನು ಬಿಟ್ರೆ ಇನ್ಯಾರೂ ಇಲ್ಲ ಗೌಡ್ರೇ."

"ಅದುಕ್ಕೇ ನಿನ್ನೇ ಕರೀತಿರಾದು."

ಬೆಂಕಿ ನೀರು ನಿಂತ ಮನೆಯಲ್ಲಿ ಕಾಯಂ ಆಗಿ ಏನು ಮಾಡುವುದು? ಕಾಯಂ ಆಗದೆ ಬೆಂಕಿ ನೀರು ಇಟ್ಟುಕೊಂಡು ಏನು ಮಾಡುವುದು? ಯೋಚಿಸುತ್ತಾ ಚಿಕ್ಕನರಸಯ್ಯ ಗೇಟಿಗೆ ಓಡಿದ. ಒಂದೂವರೆ ಮೈಲಿ ಮುಗಿಯುವುದರೊಳಗೆ ಅವನಿಗೆ ಒಂದು ಉಪಾಯ ಹೊಳೆದೇಬಿಟ್ಟಿತು. ಮೊದಲ ಹಾಜರಿಗೆ ಊರಲ್ಲಿ ಕೂಗುವುದು. ಮೆರವಣಿಗೆ ಹೊರಟ ಕೂಡಲೇ ಹಿಂದಿನಿಂದ ತಪ್ಪಿಸಿಕೊಂಡು, ಔಡಲ ಹೊಲಗಳ ನಡುವೆ ಓಡಿ, ಮೊದಲೇ ಗೇಟು ಸೇರುವುದು. ಎರಡನೇ ಹಾಜರಿ ಗೇಟಿನಲ್ಲೇ ತಾನೆ? ಕೆಲಸದ ಮೇಲೆ ನಿಂತಲ್ಲಿಂದಲೇ 'ಬಂದಿವ್ನಿ' ಅಂದರಾಯಿತು. ಶಿರಸ್ತೇದಾರರು ಬರುವುದು ಹೇಗೂ ಮಧ್ಯಾಹ್ನಕ್ಕೆ.

ಓಬುಲೇಸು ಎಲ್ಲ ಕೇಳಿ ನಕ್ಕ. "ನುವ್ವು ಪೋ ಅಣ್ಣಾ. ನಾನಿಲ್ವಾ? ಆ ಬಿಲ್ಲೆ ಪಟ್ಟಿ ಇಟ್ ಹೋಗು. ಪಟ್ಟಿ ಇಲ್ದೋನ್ ಮಾತು ಗಾಡಿಯೋರು ಕೇಳಲ್ಲ ಕದಾ."

ಚಿಕ್ಕನರಸಯ್ಯ ಖಾಕಿ ಕೋಟು ಬಿಚ್ಚಿ, ಹಿತ್ತಾಳೆ ಬಿಲ್ಲೆಯ ಸೊಂಟಪಟ್ಟಿ ಬಿಚ್ಚಿ ಅವನಿಗೆ ತೊಡಿಸಿ, ಮತ್ತೆ ಊರಿಗೆ ಓಡಿದ.

ಹಾಜರಿಯೇನೋ ಸರಿಯಾಗಿ ಬಿತ್ತು. ಆದರೆ 'ಬಂದಿವ್ನಿ' ಎಂದು ಕೂಗಿದ ಉಬ್ಬಸದ ದನಿಗೆ ಶಂಕರಲಿಂಗಪ್ಪ ಮೇಷ್ಟ್ರು ತಿರುಗಿ ನೋಡಿದರು. ಯಾರೋ ಕಿವಿಯಲ್ಲಿ ಊದಿದರು. ಮೇಷ್ಟ್ರ ಕಣ್ಣಲ್ಲಿ ನೀರೇ ಬಂತು.

"ಗೇಟಿನ ಕಾವಲುಗಾರನೇ ಬಂದಿದ್ದಾನೆ! ನೋಡಿ ಮಹಾಜನಗಳೇ, ಇದೇ ಹೃದಯ ಪರಿವರ್ತನೆ! ಬಾರಪ್ಪಾ, ಮುಂದೆ ಬಾ!"

"ನಂಗೇನೂ ಆಗಿಲ್ಲ ಸಾಮಿ, ಇಲ್ಲೇ ಹಿಂದೆ ಇರ್ತೀನಿ," ಎಂದ ಚಿಕ್ಕನರಸಯ್ಯ.

"ಅವನ ಕೈಗೆ ಬೋರ್ಡು ಕೊಡ್ರೋ," ಎಂದ ಪಟೇಲ. "ಓಡೋಗ್ದಂಗೆ ಇರ್ಲಿ."

ಮಾರುದ್ದದ ಕೋಲಿಗೆ ಬಡಿದ ಬೋರ್ಡು. ಅದರ ಮೇಲೆ 'ನೆರೆಹೊರೆಯ ದೇಶಗಳಿಗೆ ಅಡ್ಡಗೋಡೆ ಬೇಡ' ಎಂಬ ಕೆಂಪಕ್ಷರ. ಅದನ್ನು ಎರಡು ಕೈಯಲ್ಲಿ ಹಿಡಿದು, ಕೊರಳಿಗೆ ಕಣಗಿಲೆ ಹಾರ ಹಾಕಿಸಿಕೊಂಡು ಚಿಕ್ಕನರಸಯ್ಯ ಎಲ್ಲರಿಗಿಂತ ಮುಂದೆ ಹೊರಟ. ಹಿಂದೆ ಇನ್ನೂರು ಜನ. ಅವರ ಹಿಂದೆ ನೋಡಲು ಬಂದ ಹೆಂಗಸರು, ಆ ಹೆಂಗಸರಲ್ಲಿ ಮಧ್ಯಾಹ್ನದ ಮುದ್ದೆಯ ಕುಕ್ಕೆ ಹೊತ್ತ ಕೆಂಚಮ್ಮ.

ಅರ್ಧ ಮೈಲಿ ಹೋದ ಮೇಲೆ ಅವನು ಮೇಷ್ಟ್ರ ಕಿವಿಯಲ್ಲಿ ಹೇಳಿದ: "ಸಾಮಿ, ಹೊಟ್ಟೆ ಸರಿಯಾಗಿಲ್ಲ. ಔಡಲ ಹೊಲಕ್ಕೆ ಹೋಗಿ ಬತ್ತೀನಿ, ನೀವು ನಡೀತಿರಿ."

"ನಿನ್ನ ಬಿಟ್ಟು ನಡೆಯುವುದೇ?" ಎಂದರು ಮೇಷ್ಟ್ರು. "ಮಹಾಜನಗಳೇ, ನಿಲ್ಲಿ! ನಮ್ಮ ಮುಂದಾಳು ಬರುವವರೆಗೆ ಯಾರೂ ಒಂದು ಹೆಜ್ಜೆ ಇಡಕೂಡದು."

ಇನ್ನೂರು ಜನ ದಾರಿಯಲ್ಲೇ ಕುಕ್ಕರಗಾಲಲ್ಲಿ ಕೂತು, ಔಡಲ ಹೊಲದ ಕಡೆಗೆ ಮುಖ ಮಾಡಿ ಕಾದರು. ಗಿಡಗಳೋ ಮೊಣಕಾಲೆತ್ತರ. ಚಿಕ್ಕನರಸಯ್ಯ ಓಡುವುದಿರಲಿ, ಹೋದ ಕೆಲಸದ ನಟನೆಯನ್ನೂ ಮಾಡಲಾಗದೆ ಹಾಗೇ ಎದ್ದು ಬಂದ. ಆಯಿತಾ ಎಂದು ನಾಲ್ಕು ಜನ ವಿಚಾರಿಸಿದರು.

ಮತ್ತೆ ಹೊರಟಾಗ ಮಕ್ಬೂಲ್ ಬೋರ್ಡಿನ ಕೋಲಿಗೆ ಒಂದು ಕೈ ಕೊಟ್ಟ. "ಭಾರ ಐತೆ, ನಾನೂ ಹಿಡೀತೀನಿ ಭಾಯಿ."

"ನೀವ್ಯಾಕೆ ಈ ಬಿಸಿಲಲ್ಲಿ ಬಂದ್ರಿ ಸಾಬ್ರೇ? ಲಾಹೋರು ಎಲ್ಲೈತೆ, ಶಿರಾ ಎಲ್ಲೈತೆ."

"ನಮ್ಮ ಆಪಾ ಕರಾಚೀಲಿ ಅವಳೆ. ಚಾಂದ್ ಬಿ ಅಂತ, ದೊಡ್ಡಕ್ಕ, ನನ್ನನ್ನ ಎತ್ತಿ ಆಡಿಸ್ದೋಳು. ಹೋಗಿ ಹದಿನೇಳು ವರ್ಷ. ಅಮ್ಮಿ ತೀರಿಕೊಂಡಾಗ ತಂತಿ ಕೊಟ್ವಿ. ಮೂರು ತಿಂಗಳ ಮೇಲೆ ಕಾಗದ ಬಂತು, ಅಮ್ಮಿಗೆ ಹುಷಾರಾಯ್ತಾ ಅಂತ." ಮಕ್ಬೂಲ್ ಕೋಲಿನ ಮೇಲೆ ಕೈ ಬದಲಿಸಿದ. "ಮೇಷ್ಟ್ರು ಲಾಹೋರ್ ಮುಟ್ಟಲ್ಲ, ನಂಗೂ ಗೊತ್ತು. ಆದ್ರೆ ಮನೇಲಿ ಕೂತಿರೋಕೆ ಆಗ್ಲಿಲ್ಲ."

ಇಷ್ಟು ಹೊತ್ತು ಬೊಂಬಿಗೆ ಏನಾಗುತ್ತದೋ ಎಂದು ಹೆದರಿದ್ದ ಚಿಕ್ಕನರಸಯ್ಯನಿಗೆ ಒಂದು ಗಳಿಗೆ ಆ ಬೊಂಬಿನ ಮೇಲೇ ಸಿಟ್ಟು ಬಂತು. ಆದರೆ ಮರುಗಳಿಗೆಯೇ ದಾರಿ ತಿರುಗಿ ಗೇಟು ಕಾಣಿಸಿತು. ಅಲ್ಲಿ ಒಂದು ಸೈಕಲ್ ನಿಂತಿತ್ತು.

ಬಿಸಿಲೇರುವ ಮುಂಚೆಯೇ ಕೆಲಸ ಮುಗಿಸೋಣವೆಂದು ಶಿರಸ್ತೇದಾರರು ಬಂದುಬಿಟ್ಟಿದ್ದರು. ಅವರ ಪಕ್ಕದಲ್ಲಿ ಖಾಕಿ ಕೋಟು, ಹಿತ್ತಾಳೆ ಬಿಲ್ಲೆ ತೊಟ್ಟು ಓಬುಲೇಸು ಗೂಟದ ಹಾಗೆ ನಿಂತಿದ್ದ. ಗೇಟಿನವನು ಇಲ್ಲ ಎಂದರೆ ಗೆಳೆಯನ ಕೆಲಸ ಹೋಗುತ್ತದೆ. ಅದಕ್ಕೇ 'ಚಿಕ್ಕನರಸಯ್ಯ ನೀನೇನಾ?' ಎಂದಾಗ ಅವನು 'ನೇನೇ ಸಾರ್' ಅಂದಿದ್ದ. ಮಾತಿನಲ್ಲಿ ತೆಲುಗು ಬಂದರೂ ಶಿರಸ್ತೇದಾರರಿಗೆ ಅನುಮಾನ ಬರಲಿಲ್ಲ. ಪಾವಗಡದ ಕಡೆ ಎಲ್ಲರ ಮಾತೂ ಹೀಗೇ ಎಂದು ಅವರು ಬಂದ ವಾರವೇ ತೀರ್ಮಾನಿಸಿದ್ದರು.

ಚಿಕ್ಕನರಸಯ್ಯ ಬೋರ್ಡನ್ನು ಇಳಿಸಿ ಮುಖಕ್ಕೆ ಅಡ್ಡ ಹಿಡಿದ.

"ಚಿಕ್ಕನರಸಯ್ಯ! ತಡಿ ಇವರನ್ನ!" ಎಂದು ಶಿರಸ್ತೇದಾರರು ಕೂಗಿದರು. ಬೋರ್ಡಿನ ಹಿಂದಿನಿಂದ "ಸಾರ್" ಎಂದು ಬಾಯಿಗೆ ಬಂದದ್ದನ್ನು ಚಿಕ್ಕನರಸಯ್ಯ ನುಂಗಿಕೊಂಡ. ಓಬುಲೇಸು ಬೊಂಬಿನ ಮುಂದೆ ಎರಡು ಕೈ ಚಾಚಿ ನಿಂತ. "ಆಗಂಡಿ! ನಿಲ್ಲಿ ಎಲ್ರೂ!"

ತಿರುಮಣಿಯವರು ದಂಗಾದರು. ಓಬುಲೇಸುವನ್ನು ಅರಿಯದವರು ಅಲ್ಲಿ ಯಾರೂ ಇರಲಿಲ್ಲ. ಪಟೇಲ ಬಾಯಿ ತೆರೆದ. ಚಿಕ್ಕನರಸಯ್ಯ ಬೋರ್ಡಿನ ಅಂಚಿನಿಂದ ಕಣ್ಣಿನಲ್ಲೇ ಕಾಲಿಗೆ ಬಿದ್ದ. ಪಟೇಲ ಬಾಯಿ ಮುಚ್ಚಿದ. ಏನೇ ಆಗಲಿ ಊರವನು. ಊರವನನ್ನು ಸರ್ಕಾರಕ್ಕೆ ಹಿಡಿದುಕೊಡುವುದುಂಟೆ?

"ಸ್ವಾಮಿ," ಎಂದರು ಶಿರಸ್ತೇದಾರರು ಮೇಷ್ಟ್ರಿಗೆ, "ಈ ಗೇಟು ಕಾಳಿಗೆ ಮಾತ್ರ. ಬರಿಗೈಲಿ ಹೋಗೋರಿಗೆ ತಡೆಯಿಲ್ಲ. ಅಗೋ, ಪಕ್ಕದಲ್ಲೇ ಕಾಲುದಾರಿ ಇದೆ, ಹೋಗಿ."

"ಪಕ್ಕದಲ್ಲಿ ನುಸುಳುವುದಕ್ಕೆ ನಾನು ಕಳ್ಳನೇ? ಬೊಂಬು ಏಳಬೇಕು, ಮನುಷ್ಯ ತಲೆಯೆತ್ತಿ ದಾಟಬೇಕು. ಅದೇ ನಮ್ಮ ಹೋರಾಟ."

"ಹುಕುಂ ಇಲ್ಲದೆ ಎತ್ತೋ ಹಾಗಿಲ್ಲ."

"ನಿಮ್ಮ ಗೇಟಿನವನೇ ನಮ್ಮ ಕಡೆ ಬಂದಿದ್ದಾನೆ, ನಿಮ್ಮ ಹುಕುಂ ಯಾರಿಗೆ ಬೇಕು?" ಎಂದು ಮೇಷ್ಟ್ರು ಚಿಕ್ಕನರಸಯ್ಯನ ಕೈಯಿಂದ ಬೋರ್ಡು ಕಿತ್ತು, ಅವನ ರಟ್ಟೆ ಹಿಡಿದು ಮುಂದಕ್ಕೆಳೆದರು. ಕಣಗಿಲೆ ಹಾರದ ಮೇಲೆ ಅರೆಬರೆ ಮೀಸೆಯ ಮುಖ ಬಟ್ಟಬಯಲಾಯಿತು.

"ಗೇಟಿನವನಾ? ಇವನು?" ಶಿರಸ್ತೇದಾರರು ಒಬ್ಬನಿಂದ ಇನ್ನೊಬ್ಬನಿಗೆ ನೋಡಿದರು.

ಓಬುಲೇಸು ತಡಮಾಡಲಿಲ್ಲ. "ಆ ಗೇಟೋಡು ಸಾರ್. ಆಂಧ್ರದೋನು, ಓಬುಲೇಸು ಅಂತ."

"ಅದೇ ಅಂದುಕೊಂಡೆ. ನಮ್ಮವನಾಗಿದ್ರೆ ಈಗಲೇ ಮನೆಗೆ ಕಳಿಸ್ತಿದ್ದೆ." ಆದರೂ ಅವರಿಗೆ ಏನೋ ಅನುಮಾನ. ಕುಕ್ಕೆ ಹೊತ್ತು ಮುಂದೆ ಬಂದಿದ್ದ ಕೆಂಚಮ್ಮ ಕಣ್ಣಿಗೆ ಬಿದ್ದಳು. "ನೀನ್ಯಾರಮ್ಮಾ? ಊಟ ಯಾರಿಗೆ?"

"ನಮ್ ಯಜಮಾನ್ರಿಗೆ ಬುದ್ಧಿ. ಗೇಟಿನೋರು."

"ಯಾವ ಗೇಟಿನವನು? ನಿನ್ನ ಗಂಡನ ಹೆಸರೇನು?"

ಕೆಂಚಮ್ಮನಿಗೆ ಸಂಕಟಕ್ಕಿಟ್ಟುಕೊಂಡಿತು. ಗಂಡನ ಹೆಸರನ್ನು ಬಾಯಿ ಬಿಟ್ಟು ಹೇಳುವುದುಂಟೆ? ಮದುವೆಯಾಗಿ ಹತ್ತು ವರ್ಷದಲ್ಲಿ ಅವಳು ದೇವಸ್ಥಾನದಲ್ಲೂ ಹೇಳಿರಲಿಲ್ಲ. ಸೆರಗು ಬಾಯಿಗೆ ಅಡ್ಡ ಹಿಡಿದು, ಬೆಟ್ಟದ ಕಡೆ ತೋರಿಸಿ ಹೇಳಿದಳು: "ಅಲ್ಲಿ ಬೆಟ್ಟದ್ ಮ್ಯಾಲಿನ ದ್ಯಾವ್ರು ಬುದ್ಧಿ, ಸಿಂಹದ ಮುಖದೋನು. ಅವ್ನ ಹೆಸ್ರು. ಆದ್ರೆ ಚಿಕ್ಕದು."

"ಚಿಕ್ಕನರಸಯ್ಯ! ಹಾಗೆ ಹೇಳು ಮತ್ತೆ." ಶಿರಸ್ತೇದಾರರ ಅನುಮಾನವೆಲ್ಲ ಕರಗಿತು. ಅವರು ಓಬುಲೇಸುವಿನ ಬೆನ್ನು ತಟ್ಟಿದರು. "ಕೊಡಮ್ಮಾ, ನಿನ್ನ ಯಜಮಾನನಿಗೆ ಊಟ ಕೊಡು. ಪಾಪ, ಬೆಳಗ್ಗಿಂದ ನಿಂತಿದ್ದಾನೆ."

ಕೆಂಚಮ್ಮ ಗಂಡನನ್ನು ನೋಡಿದಳು. ಗಂಡ ಆಕಾಶ ನೋಡುತ್ತಿದ್ದ. ಹಲ್ಲು ಕಚ್ಚಿಕೊಂಡು ಕುಕ್ಕೆಯನ್ನು ಓಬುಲೇಸುವಿನ ಮುಂದೆ ಕುಕ್ಕಿ ತಿರುಗಿ ನಿಂತಳು. ಓಬುಲೇಸು ಬೊಂಬಿಗೆ ಬೆನ್ನು ಕೊಟ್ಟು, ಅವರೆಕಾಳಿನ ಸಾರಿನಲ್ಲಿ ಮುದ್ದೆ ಅದ್ದಿ ನುಂಗತೊಡಗಿದ. ಮೂರು ಸಲ ಒಂದೂವರೆ ಮೈಲಿ ತುಳಿದಿದ್ದ ಚಿಕ್ಕನರಸಯ್ಯ ಒಂದೊಂದು ತುತ್ತನ್ನೂ ಕಣ್ಣಿನಿಂದ ಎಣಿಸಿದ.

ಈ ನಡುವೆ ಪಟೇಲ ಎರಡನೇ ಹಾಜರಿ ಶುರುಮಾಡಿದ್ದ. ಚಿಕ್ಕನರಸಯ್ಯನ ಹೆಸರು ಬಂದ ಕಡೆ ಒಂದು ಸಲ ಕೆಮ್ಮಿ, ಗುರುತು ಹಾಕಿಕೊಂಡು ಮುಂದಿನ ಮನೆಗೆ ಹೋದ. ಬೆಂಕಿ ನೀರೇನೋ ಉಳಿಯಿತು.

ಹೊತ್ತು ನೆತ್ತಿಗೆ ಬಂತು. ಮೇಷ್ಟ್ರು ಬೊಂಬಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು, ಏಳುವ ಲಕ್ಷಣ ಕಾಣಲಿಲ್ಲ. ಶಿರಸ್ತೇದಾರರಿಗೂ ಹಸಿವು. ಕೊನೆಗೆ ಅವರು ಸುತ್ತ ನೋಡಿ, "ಮುದುಕರು, ಕಾಳೂ ಇಲ್ಲ, ಒಂದು ನಿಮಿಷ ಎತ್ತಿ ಇಳಿಸಿಬಿಡು," ಎಂದರು. ಓಬುಲೇಸು ಹಗ್ಗ ಸಡಿಲಿಸಿದ. ಬೊಂಬು ಕಿರುಗುಟ್ಟುತ್ತಾ ಮೇಲೆದ್ದಿತು. ಇನ್ನೂರು ಜನ ಜೈ ಎಂದರು. ಮೇಷ್ಟ್ರು ತಲೆಯೆತ್ತಿ ದಾಟಿದರು, ಹಿಂದೆ ಮಕ್ಬೂಲ್. ಇಪ್ಪತ್ತು ಮಾರು ಹೋಗಿ ಇಬ್ಬರೂ ನಿಂತರು. ಆಂಧ್ರದ ಬೊಂಬು ಮುಚ್ಚಿತ್ತು.

"ಏಯ್ ಓಬುಲೇಸು!" ಎಂದು ಶಿರಸ್ತೇದಾರರು ಗದರಿದರು. "ಬಾಯಿ ಬಿಟ್ಕೊಂಡು ನಿಂತಿದೀಯಲ್ಲ, ಹೋಗಿ ನಿಮ್ಮ ಗೇಟು ಎತ್ತಯ್ಯಾ!"

ತನ್ನನ್ನೇ ಕರೆಯುತ್ತಿದ್ದಾರೆಂದು ಚಿಕ್ಕನರಸಯ್ಯನಿಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಓಡಿಹೋಗಿ ಆಂಧ್ರದ ಹಗ್ಗ ಬಿಚ್ಚಿದ. ಮೇಷ್ಟ್ರು ಅವನ ತಲೆಯ ಮೇಲೆ ಕೈಯಿಟ್ಟು, "ಮೊದಲ ಗಡಿ ನಿನ್ನಿಂದ ತೆರೆಯಿತಪ್ಪಾ," ಎಂದರು. ಮಕ್ಬೂಲ್ ಅವನ ಕೈಯನ್ನು ಎರಡು ಕೈಯಲ್ಲಿ ಹಿಡಿದು ಒತ್ತಿದ. ಇಬ್ಬರೂ ಪೆನುಕೊಂಡದ ದಾರಿಯಲ್ಲಿ ಸಣ್ಣದಾಗುತ್ತಾ ಹೋದರು. ಮೆರವಣಿಗೆ ಊಟಕ್ಕೆ ಹೊರಟಿತು.

ಚಿಕ್ಕನರಸಯ್ಯ ಆಂಧ್ರದ ಬೊಂಬು ಹಿಡಿದು ನಿಂತು ನೋಡಿದ. ಅತ್ತ ಶಿರಸ್ತೇದಾರರು ಸೈಕಲ್ ಸೀಟಿನ ಮೇಲೆ ರಿಜಿಸ್ಟರು ಬಿಚ್ಚಿ ಬರೆಯುತ್ತಿದ್ದರು. ಓಬುಲೇಸು ಹೆಬ್ಬೆಟ್ಟು ಒತ್ತಿದ. ಆಮೇಲೆ ಎಡಗೈ ಎತ್ತಿ ತೋರಿಸಿದ. ಹೆಸರು ನನ್ನದು, ಊರು ನನ್ನದು, ಕಾಯಂ ಆಗುವುದೂ ನಾನೇ ಎಂದು ಚಿಕ್ಕನರಸಯ್ಯ ತನಗೆ ತಾನೇ ಸಮಾಧಾನ ಹೇಳಿಕೊಂಡ. ಸೈಕಲ್ಲು ಕಣ್ಮರೆಯಾದ ಕೂಡಲೇ ಇಪ್ಪತ್ತು ಮಾರನ್ನೂ ನಾಲ್ಕೇ ನೆಗೆತಕ್ಕೆ ದಾಟಿ ಬಂದ.

"ಆಯ್ತೇನ್ಲಾ?"

"ಅಯ್ಯಿಂದಿ ಅಣ್ಣಾ. ಕಾಯಂ!" ಓಬುಲೇಸು ಕಾಗದ ಕೊಟ್ಟ.

ಕೆಂಚಮ್ಮನೂ ಸಿಟ್ಟು ಮರೆತು ಹತ್ತಿರ ಬಂದಳು. ಚಿಕ್ಕನರಸಯ್ಯ ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ. ಚಿಕ್ಕನರಸಯ್ಯ, ತಿರುಮಣಿ, ಗೇಟಿನ ಕಾವಲುಗಾರ, ಇಂದಿನಿಂದ ಕಾಯಂ. ಗುರುತು ಒಂದು: ಬಲಗೆನ್ನೆಯಲ್ಲಿ ಕಡಲೆಕಾಳಿನಷ್ಟು ಮಚ್ಚೆ. ಗುರುತು ಎರಡು: ಎಡಗೈಯಲ್ಲಿ ಆರು ಬೆರಳು.

ಅವನು ತನ್ನ ಎಡಗೈಯನ್ನು ಮುಖದ ಮುಂದೆ ಹಿಡಿದು ಎಣಿಸಿದ. ಎರಡನೇ ಸಲ ಎಣಿಸಿದರೂ ಐದೇ ಇದ್ದವು.

"ಲೇ, ಹೆಸ್ರು ನಂದು ಕಣ್ಲಾ!"

"ಹೆಸ್ರು ನಿಂದೇ ಅಣ್ಣಾ, ಕಾದನಲೇದು, ಅಲ್ಲ ಅಂದ್ನಾ? ಬೆರಳು ನಂದು. ಸಾಯೇಬ್ರು ವಾರವಾರ ಬಂದು ಕೈ ನೋಡ್ತಾರಂತೆ." ಓಬುಲೇಸುವಿನ ಮುಖದಲ್ಲಿ ನಿಜವಾದ ದುಃಖವೇ ಇತ್ತು. "ನುವ್ವು ನನ್ ಗೇಟಲ್ಲಿ ಇರು. ಭಯ ಇಲ್ಲ. ದಿನಗೂಲಿಯೋರ್ ಬೆರಳು ಎಣ್ಸೋರ್ಯಾರು?"

ಕೆಂಚಮ್ಮ ಖಾಲಿ ಕುಕ್ಕೆ ಎತ್ತಿ ಕಂಕುಳಿಗಿಟ್ಟುಕೊಂಡಳು. "ಇಗಾ, ಅಣ್ಣಯ್ಯ ಬಂದ್ರೆ ಏನೇಳ್ಲಿ? ಕಾಯಂ ಆಯ್ತು ಅನ್ಲಾ, ಆಗ್ಲಿಲ್ಲ ಅನ್ಲಾ?"

ಚಿಕ್ಕನರಸಯ್ಯ ತಿರುಗಿ ಆಂಧ್ರದ ಗೇಟಿಗೆ ನಡೆದ. ಹೊತ್ತಿಳಿಯುವವರೆಗೆ ಆಂಧ್ರದ ಬೊಂಬು ಎತ್ತಿದ, ಇಳಿಸಿದ. ಆ ಕಡೆಯ ಒಬ್ಬ ಗಾಡಿಯವನು ಅವನ ಬಾಡಿದ ಮುಖ ನೋಡಿ ಒಂದು ಬೊಗಸೆ ಸಜ್ಜೆ ಕೊಟ್ಟು ಹೋದ. ಅದನ್ನು ಟವಲಿನ ತುದಿಗೆ ಗಂಟು ಹಾಕಿಕೊಂಡು ಚಿಕ್ಕನರಸಯ್ಯ ಮನೆಯ ಕಡೆ ಹೊರಟ.

ಮೈಸೂರಿನ ಬೊಂಬು ದಡಕ್ಕನೆ ಅವನ ಎದೆಯ ಮುಂದೆ ಇಳಿಯಿತು.

"ಏಮುಂದಿ ಅಣ್ಣಾ ಗಂಟಲ್ಲಿ?" ಎಂದು ಓಬುಲೇಸು ಕೇಳಿದ.

"ಲೇ, ನಾನು ಕಣ್ಲಾ!"

"ನೀನೇ ಅಂತ ಗೊತ್ತಣ್ಣಾ. ಆಂಧ್ರದ ಆ ಗೇಟೋನ್ನ ನಂಬ್ಬೇಡ, ದಿನಾ ಗಂಟು ಬಿಚ್ಸಿ ನೋಡು ಅಂತ ಸಾಯೇಬ್ರು ಹೇಳಿ ಹೋದ್ರು. ನಿನ್ನೆ ಆಗಿದ್ರೆ ಬಿಡ್ತಿದ್ದೆ." ಓಬುಲೇಸು ಹಿತ್ತಾಳೆ ಬಿಲ್ಲೆಯನ್ನು ಕೋಟಿನ ತೋಳಿನಿಂದ ಒರೆಸಿಕೊಂಡ. "ಈಗ ಕಾಯಂ ಅಲ್ವಾ?"

ಚಿಕ್ಕನರಸಯ್ಯ ಗಂಟು ಬಿಚ್ಚಿ, ಸಜ್ಜೆಯನ್ನು ಹುಣಸೆಮರದ ಬುಡಕ್ಕೆ ಸುರಿದು, ಬರಿಗೈ ತೋರಿಸಿ, ಪಕ್ಕದ ಕಾಲುದಾರಿಯಲ್ಲಿ ತಲೆ ಬಗ್ಗಿಸಿಕೊಂಡು ಊರಿಗೆ ನಡೆದ.